ದಿಂಬನ್ನು ಬಿಸಿಲಿಗಿಡು ಅಂದಿದ್ದಳು ಅಜ್ಜಿ

ಚಿಕ್ಕವನಿದ್ದಾಗ ಬೆಳಗ್ಗೆ ಎದ್ದು ಕತ್ತು ಹಿಡ್ಕೊಂಡಿದೆ ಅಂದರೆ ನಮ್ಮಜ್ಜಿ ಒಂದೇ ಮಾತು ಹೇಳುತ್ತಿದ್ದಳು. ದಿಂಬನ್ನು ಬಿಸಿಲಿಗಿಡು. ನೋವು ನನಗೆ, ಔಷಧಿ ದಿಂಬಿಗೆ. ನಾನು ಕತ್ತು ಸೊಟ್ಟ ಮಾಡಿಕೊಂಡೇ ದಿಂಬು ಹೊತ್ತುಕೊಂಡು ಹೋಗಿ ಜಗಲಿಯ ಮೇಲೆ ಹಾಕುತ್ತಿದ್ದೆ, ಮಾರನೇ ದಿನವೋ ಅದರ ಮಾರನೇ ದಿನವೋ ಕತ್ತು ಸರಿಹೋಗುತ್ತಿತ್ತು, ಅಜ್ಜಿ "ನೋಡಿದ್ಯಾ" ಅನ್ನುತ್ತಿದ್ದಳು. ನೋಡಿದ್ದೆ. ಅದಕ್ಕೇ ನಂಬಿದ್ದೆ.

ಈಗ ನನಗೆ 52 ವರ್ಷ. ಈ ಸಲ ದಿಂಬಿನ ಬದಲು ಕತ್ತಿಗೇ ಲೇಸರ್ ಬೆಳಕು ಬಿಡಿಸಿಕೊಂಡು ಬಂದೆ. ದುಡ್ಡು ಕೊಟ್ಟು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು.

ನನ್ನ ಕೆಲಸ ಕರಡು ತಿದ್ದುವುದು. ಮೈಸೂರಿನಲ್ಲಿ ಇಪ್ಪತ್ತೈದು ವರ್ಷದಿಂದ ಇದೇ. ಮೊದಲು ಮೇಜಿನ ಮೇಲೆ ಹಾಳೆ ಹರಡಿಕೊಂಡು ಬಗ್ಗಿ ಕೂರುತ್ತಿದ್ದೆ, ಈಗ ಪಿಡಿಎಫ್ ಬರುತ್ತದೆ, ಲ್ಯಾಪ್‌ಟಾಪ್ ನೋಡಿ ಸಾಕಾದರೆ ಮೊಬೈಲಿನಲ್ಲೇ ತಿದ್ದುತ್ತೇನೆ, ಅಂದರೆ ಇನ್ನೂ ಬಗ್ಗುತ್ತೇನೆ. ಮನುಷ್ಯನ ತಲೆ ನಾಲ್ಕೂವರೆ ಐದು ಕೇಜಿ ತೂಗುತ್ತದಂತೆ. ನೆಟ್ಟಗಿದ್ದಾಗ ಅದು ಬೆನ್ನುಮೂಳೆಯ ಮೇಲೆ ಕೂತಿರುತ್ತದೆ, ಬಗ್ಗಿದಾಗ ಕತ್ತಿನ ಹಿಂದಿನ ಸ್ನಾಯುಗಳು ಅದನ್ನು ಹಗ್ಗ ಕಟ್ಟಿ ಎಳೆದು ಹಿಡಿದ ಹಾಗೆ ಹಿಡಿದಿರಬೇಕು. ಒಂದು ಒತ್ತಕ್ಷರ ತಪ್ಪಿದೆಯಾ ಅಂತ ಹುಡುಕುವಾಗ ಈ ಹಗ್ಗದ ನೆನಪು ಯಾರಿಗಿರುತ್ತದೆ?

ನೋವು ಶುರುವಾಗಿದ್ದು ಬಲಗಡೆ, ಕತ್ತು ಮತ್ತು ಭುಜ ಸೇರುವ ಕಡೆ. ಮೊದಲ ತಿಂಗಳು ಅಮೃತಾಂಜನ. ಎರಡನೇ ತಿಂಗಳು ಬಿಸಿನೀರಿನ ಚೀಲ. ನಾಲ್ಕನೇ ತಿಂಗಳ ಹೊತ್ತಿಗೆ ಸ್ಕೂಟರ್ ಓಡಿಸುವಾಗ ಹಿಂದೆ ತಿರುಗಿ ನೋಡೋಕೆ ಆಗದೆ, ಅಗ್ರಹಾರದ ಸರ್ಕಲ್ಲಿನಲ್ಲಿ ಇಡೀ ಮೈಯನ್ನೇ ತಿರುಗಿಸಿ ನೋಡಲು ಹೋಗಿ ಬೀಳುವುದರಲ್ಲಿದ್ದೆ. ಮೂರು ತಿಂಗಳು ದಾಟಿದ ನೋವನ್ನು ಡಾಕ್ಟರುಗಳು ಕ್ರಾನಿಕ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರು. "ಇವರಿಗೆ ಸ್ಪಾಂಡಿಲೈಟಿಸ್" ಅಂತ ನಮ್ಮನೆಯವಳು ಫೋನಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಕತ್ತು ನೋವು ಅಂದರೆ ಯಾರೂ ಕೇಳಲ್ಲ, ಸ್ಪಾಂಡಿಲೈಟಿಸ್ ಅಂದರೆ ಮನೆಗೇ ಬಂದು ನೋಡಿಕೊಂಡು ಹೋಗುತ್ತಾರೆ.

ಬಂದವರೆಲ್ಲ ಒಂದೊಂದು ಹೇಳಿದರು. ದಿಂಬು ಬಿಡು. ದಿಂಬು ಬದಲಾಯಿಸು. ಕತ್ತಿಗೆ ಪಟ್ಟಿ ಹಾಕ್ಕೋ. ಒಬ್ಬ ಷಡ್ಡಕರಂತೂ ಎಂಆರ್‌ಐ ಮಾಡಿಸಲೇಬೇಕು ಅಂತ ಹಟ ಹಿಡಿದರು. ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಸುತ್ತಿಗೆಯಿಂದ ಮೊಣಕೈ ತಟ್ಟಿದರು, ಮುಷ್ಟಿ ಹಿಡಿಸಿದರು, ಕೈ ಜೋಮು ಹಿಡಿಯುತ್ತದಾ, ಶಕ್ತಿ ಕಡಿಮೆಯಾಗಿದೆಯಾ, ನಡೆಯುವಾಗ ಓಲಾಡಿದ ಹಾಗಾಗುತ್ತದಾ, ಮೂತ್ರ ಹಿಡಿಯೋಕೆ ಕಷ್ಟವಾ, ಜ್ವರ ಇದೆಯಾ, ಬಿದ್ದಿದ್ದೀರಾ ಅಂತೆಲ್ಲ ಕೇಳಿದರು. ಎಲ್ಲಕ್ಕೂ ಇಲ್ಲ ಅಂದೆ. "ಹಾಗಾದ್ರೆ ಸ್ಕ್ಯಾನ್ ಈಗ ಬೇಡ" ಅಂದರು. ಇವುಗಳಲ್ಲಿ ಒಂದಕ್ಕೆ ಹೌದು ಅಂದಿದ್ದರೂ ಮಾತು ಬೇರೆ ಇರುತ್ತಿತ್ತು, ಲೇಸರ್‌ನ ಮಾತೇ ಬರುತ್ತಿರಲಿಲ್ಲ.

ಷಡ್ಡಕರಿಗೆ ಸಮಾಧಾನ ಆಗಲಿಲ್ಲ. ಅವರಿಗೋಸ್ಕರ ಇದನ್ನು ಬರೆಯುತ್ತೇನೆ. ಜಪಾನಿನಲ್ಲಿ ಕತ್ತು ನೋವೇ ಇಲ್ಲದ 1,211 ಮಂದಿಗೆ ಎಂಆರ್‌ಐ ಮಾಡಿ ನೋಡಿದ್ದರು, 2015ರಲ್ಲಿ ಅದು ಪ್ರಕಟವಾಯಿತು. ಅವರಲ್ಲಿ 87.6% ಜನರ ಕತ್ತಿನಲ್ಲಿ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹತ್ತಕ್ಕೆ ಏಳು ಮಂದಿಗಿಂತ ಜಾಸ್ತಿ! ನೋವಿಲ್ಲದವರ ಕತ್ತೇ ಹಾಗಿದ್ದರೆ ನನ್ನ ಫಿಲ್ಮಿನಲ್ಲಿ "ಸವೆತ" ಕಂಡರೆ ಅದೇ ನೋವಿಗೆ ಕಾರಣ ಅಂತ ಹೇಗೆ ಹೇಳೋದು? ಸವೆತ ಅನ್ನುವ ಪದವೇ ಕೆಟ್ಟದ್ದು. ಅದನ್ನು ಕೇಳಿದ ದಿನದಿಂದ ಮನುಷ್ಯ ತನ್ನ ಕತ್ತನ್ನು ಗಾಜಿನ ಲೋಟದ ಹಾಗೆ ಹೊತ್ತುಕೊಂಡು ತಿರುಗುತ್ತಾನೆ.

ಡಾಕ್ಟರು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಮನೆಗೆ ಹತ್ತಿರದ ಒಂದು ಸೆಂಟರಿಗೆ ಹೋದೆ. ಗೋಡೆಯ ಮೇಲೆ ದೊಡ್ಡ ಪೋಸ್ಟರ್: "ಲೇಸರ್ ಚಿಕಿತ್ಸೆಯಿಂದ ಶಾಸ್ವತ ನೋವು ಮುಕ್ತಿ." ನನ್ನ ಕಣ್ಣು ಮೊದಲು ಹೋಗಿದ್ದು "ಶಾಸ್ವತ"ದ ಮೇಲೆ. ಎರಡನೇ ಶಕಾರದ ಜಾಗದಲ್ಲಿ ಸಕಾರ ಹಾಕಿದ್ದರು. ಅಕ್ಷರ ತಿದ್ದಿದರೂ ಆ ಮಾತು ಸರಿಹೋಗಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಕೌಂಟರಿನಲ್ಲಿ ಕೂತಿದ್ದವರು ಪ್ಯಾಕೇಜ್ ಹೇಳಿದರು. 12 ಸಿಟ್ಟಿಂಗ್, ಮುಂಗಡ ಕಟ್ಟಿದರೆ ಆರು ಸಾವಿರ, ಬಿಡಿಬಿಡಿಯಾಗಿ ಕೊಟ್ಟರೆ ಜಾಸ್ತಿ. ಕಟ್ಟಿದೆ. ನೋವಿದ್ದವನು ಚೌಕಾಸಿ ಮಾಡಲ್ಲ.

ಚಿಕಿತ್ಸೆ ಕೊಡುತ್ತಿದ್ದ ಹುಡುಗಿ ಮಾತ್ರ ಬಂಗಾರದಂಥವಳು. ಹಾಸನದ ಕಡೆಯವಳು. ಮೊದಲ ದಿನವೇ ಥೈರಾಯ್ಡ್ ಇದೆಯಾ, ಯಾವತ್ತಾದರೂ ಗೆಡ್ಡೆ, ಕ್ಯಾನ್ಸರ್ ಅಂತ ಚಿಕಿತ್ಸೆ ತಗೊಂಡಿದ್ದೀರಾ ಅಂತ ಕೇಳಿ ಬರೆದುಕೊಂಡಳು. ಕನ್ನಡಕ ಹಾಕಿಸಿದಳು. ತಾನೂ ಹಾಕಿಕೊಂಡಳು.

"ಸುಡುತ್ತೇನಮ್ಮಾ?" ಅಂದೆ.

"ಏನೂ ಗೊತ್ತಾಗಲ್ಲ ಸಾರ್. ಗೊತ್ತಾಗಬಾರದು."

ಲೇಸರ್ ಅಂದರೆ ನನ್ನ ತಲೆಯಲ್ಲಿದ್ದದ್ದು ಸಿನಿಮಾದ ಲೇಸರ್, ಕಬ್ಬಿಣ ಕತ್ತರಿಸುವಂಥದ್ದು. ಇದು ಅದಲ್ಲ. ದಪ್ಪ ಪೆನ್ನಿನಂಥ ಒಂದು ಕೋಲು. ಅದರ ತುದಿಯನ್ನು ಕತ್ತಿನ ಹಿಂದೆ ನೋವಿರುವ ಜಾಗದ ಮೇಲೆ ಒತ್ತಿ ಹಿಡಿಯುತ್ತಾಳೆ, ಮೂವತ್ತು ಸೆಕೆಂಡ್, ಬೀಪ್, ಮುಂದಿನ ಜಾಗ. ಹನ್ನೆರಡು ಜಾಗ, ಆರು ನಿಮಿಷ, ಮುಗೀತು. ತುದಿಯಲ್ಲಿ ಕೆಂಪು ಚುಕ್ಕೆ ಕಾಣುತ್ತದಲ್ಲ, ಅದು ಲೇಸರ್ ಅಂದುಕೊಂಡಿದ್ದೆ. ಅಲ್ಲವಂತೆ. ಅದು ಸುಮ್ನೆ ಗುರಿ ತೋರಿಸೋಕೆ. ನಿಜವಾದ ಕಿರಣದ ಅಲೆಯ ಉದ್ದ 830 ನ್ಯಾನೊಮೀಟರ್, ಕಣ್ಣಿಗೆ ಕಾಣುವ ಕೆಂಪಿನ ಆಚೆಯದು. ಕಾಣಲ್ಲ ಅನ್ನುವ ಕಾರಣಕ್ಕೇ ಕಣ್ಣಿಗೆ ಅಪಾಯ ಜಾಸ್ತಿ, ಯಾಕೆಂದರೆ ಕಣ್ಣು ಮುಚ್ಚಿಕೊಳ್ಳಬೇಕು ಅಂತ ರೆಪ್ಪೆಗೆ ಗೊತ್ತೇ ಆಗಲ್ಲ. ಅದಕ್ಕೇ ಕನ್ನಡಕ.

ಕರಡು ತಿದ್ದುವವನ ಚಟ ಬಿಡುತ್ತದಾ? ರಾತ್ರಿ ಕೂತು ಓದಿದೆ, ಮತ್ತೆ ಕತ್ತು ಬಗ್ಗಿಸಿಕೊಂಡೇ.

ಇದರ ಹುಟ್ಟಿನ ಕತೆ ಚೆನ್ನಾಗಿದೆ. 1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದ. ಕೆಲವು ವರ್ಷಗಳ ನಂತರ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಅನ್ನುವ ಡಾಕ್ಟರು ಅದರಿಂದ ಇಲಿಗಳ ಗೆಡ್ಡೆ ಕರಗಿಸೋಕೆ ಹೊರಟರು. ಬಾಸ್ಟನ್ನಿನಲ್ಲಿ ಒಬ್ಬರು ಹಾಗೆ ಮಾಡಿದ್ದರು. ಆದರೆ ಮೆಸ್ಟರ್ ಹತ್ತಿರ ಇದ್ದ ಲೇಸರ್‌ಗೆ ಅಷ್ಟು ಶಕ್ತಿ ಇರಲಿಲ್ಲ. ಗೆಡ್ಡೆ ಕರಗಲಿಲ್ಲ. ಬದಲಿಗೆ ಇಲಿಯ ಮೈ ಬೋಳಿಸಿದ್ದ ಜಾಗದಲ್ಲಿ ಕೂದಲು ಬೇಗ ಬೆಳೆಯಿತು. 1967ರ ಮಾತು. ಮೆಷಿನ್ ದುರ್ಬಲವಾಗಿದ್ದದ್ದರಿಂದಲೇ ಸಿಕ್ಕಿದ ವಿದ್ಯೆ ಇದು. (ನನ್ನ ನೆತ್ತಿಗೂ ಎರಡು ನಿಮಿಷ ಹಿಡಿಯಮ್ಮ ಅಂದೆ ಆ ಹುಡುಗಿಗೆ. ನಕ್ಕಳು, ಹಿಡಿಯಲಿಲ್ಲ.)

ಬೆಳಕು ಒಳಗೆ ಹೋಗಿ ಏನು ಮಾಡುತ್ತದೆ ಅನ್ನುವುದಕ್ಕೆ ಎರಡು ವಾದ ಇವೆ. ಒಂದು, ಜೀವಕೋಶದ ಒಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಅನ್ನುವ ಭಾಗದಲ್ಲಿ ಒಂದು ಕಿಣ್ವ ಈ ಬೆಳಕನ್ನು ಹೀರಿಕೊಳ್ಳುತ್ತದೆ, ಕೋಶಕ್ಕೆ ಬೇಕಾದ ಶಕ್ತಿ ಜಾಸ್ತಿ ತಯಾರಾಗುತ್ತದೆ, ಊತ ಇಳಿಯುತ್ತದೆ. ಇನ್ನೊಂದು, ನೋವಿನ ಸುದ್ದಿ ಒಯ್ಯುವ ಸಣ್ಣ ನರಗಳನ್ನು ಅದು ಸ್ವಲ್ಪ ಹೊತ್ತು ಮಂದ ಮಾಡುತ್ತದೆ. ಎರಡೂ ನಡೆಯುತ್ತಿರಬಹುದು. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ: ಜನಕ್ಕೆ ಕಡಿಮೆ ಆಯಿತಾ ಇಲ್ಲವಾ?

ಸಿಡ್ನಿಯ ರಾಬರ್ಟಾ ಚೌ ಅನ್ನುವ ಡಾಕ್ಟರು ಇದನ್ನೇ ಹಿಡಿದು ಕೂತವರು. 2006ರಲ್ಲಿ ಹಳೇ ಕತ್ತು ನೋವಿನ 90 ಮಂದಿಯನ್ನು ಎರಡು ಗುಂಪು ಮಾಡಿದರು. ಏಳು ವಾರದಲ್ಲಿ 14 ಸಲ ಚಿಕಿತ್ಸೆ. ಒಂದು ಗುಂಪಿಗೆ ನಿಜವಾದ ಲೇಸರ್, 830 ನ್ಯಾನೊಮೀಟರ್, 300 ಮಿಲಿವಾಟ್. ಇನ್ನೊಂದಕ್ಕೆ ನೋಡೋಕೆ ಹಾಗೇ ಇರುವ, ಕಿರಣವೇ ಬರದ ಮೆಷಿನ್. ಹತ್ತರ ಅಳತೆಯಲ್ಲಿ ನಿಜವಾದ ಗುಂಪಿನ ನೋವು ಸರಾಸರಿ 2.7 ಇಳಿಯಿತು. ಸುಳ್ಳು ಗುಂಪಿನದು 0.3 ಏರಿತು. ಆಮೇಲೆ 2009ರಲ್ಲಿ ಅವರೂ ಇನ್ನು ಕೆಲವರೂ ಸೇರಿ ಇಂಥ 16 ಅಧ್ಯಯನಗಳನ್ನು, ಒಟ್ಟು 820 ಮಂದಿಯ ಲೆಕ್ಕವನ್ನು, ಒಟ್ಟುಗೂಡಿಸಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 100 ಮಿಲಿಮೀಟರ್ ಉದ್ದದ ಒಂದು ಗೆರೆ. ಈ ತುದಿ ನೋವೇ ಇಲ್ಲ, ಆ ತುದಿ ತಡೆಯಲಾಗದ ನೋವು. ಎಲ್ಲಿದ್ದೀರಿ ಅಂತ ಗುರುತು ಹಾಕಬೇಕು. ಲೇಸರ್ ಪಡೆದವರ ಗುರುತು ಸುಳ್ಳು ಲೇಸರ್‌ನವರಿಗಿಂತ ಸುಮಾರು 20 ಮಿಲಿಮೀಟರ್ ಈ ಕಡೆಗೆ ಬಂದಿತ್ತು. ಹಳೇ ನೋವಿನವರಲ್ಲಿ ಚಿಕಿತ್ಸೆ ಮುಗಿದು 22 ವಾರದವರೆಗೂ ಪರಿಣಾಮ ಉಳಿದಿತ್ತು. ಅಡ್ಡಪರಿಣಾಮ ಅಂತ ಹೇಳಿಕೊಳ್ಳುವಂಥದ್ದು ಇರಲಿಲ್ಲ.

ಎರಡು ಸೆಂಟಿಮೀಟರ್. ಸಣ್ಣದು ಅನ್ನಿಸುತ್ತದೆ, ಆದರೆ ಏಳರಲ್ಲಿದ್ದವನು ಐದಕ್ಕೆ ಬಂದರೆ ಹಿಂದೆ ತಿರುಗಿ ಬಸ್ಸು ಬರ್ತಾ ಇದೆಯಾ ಅಂತ ನೋಡಬಹುದು. ಶಾಶ್ವತ ಮುಕ್ತಿ ಮಾತ್ರ ಅಲ್ಲ.

ಇಷ್ಟು ಓದಿ ಖುಷಿಯಾಗಿ ಮಲಗಬಹುದಿತ್ತು. ಇನ್ನೊಂದು ಕಣ್ಣಿಗೆ ಬಿತ್ತು. 2013ರಲ್ಲಿ ಬೇರೊಂದು ತಂಡ ಇದೇ ವಿಷಯದ ಅಧ್ಯಯನಗಳನ್ನು ಜರಡಿ ಹಿಡಿದು ನೋಡಿ, ಒಂದಕ್ಕೊಂದು ಹೊಂದುವುದಿಲ್ಲ, ಗಟ್ಟಿಯಾಗಿ ಏನೂ ಹೇಳೋಕಾಗಲ್ಲ, ಲಾಭ ಇದ್ದರೂ ರೋಗಿಗೆ ಗೊತ್ತಾಗುವಷ್ಟು ದೊಡ್ಡದಲ್ಲ ಅಂತ ಬರೆದಿತ್ತು. ಯಾರನ್ನು ನಂಬೋದು?

ನನಗೆ ತೋಚಿದ್ದು ಇಷ್ಟು. ಕನ್ನಡದಲ್ಲಿ ಒಂದು ದೀರ್ಘ ತಪ್ಪಿದರೆ ಬಾಲ ಬಲ ಆಗಿಬಿಡುತ್ತದೆ. ಇಲ್ಲೂ ಹಾಗೇ, ಎಲ್ಲದರ ಮೇಲೂ ಲೇಸರ್ ಅಂತಲೇ ಬರೆದಿರುತ್ತದೆ, ಒಳಗಿನ ಅಳತೆ ಬೇರೆಬೇರೆ. ಎಷ್ಟು ನ್ಯಾನೊಮೀಟರ್, ಎಷ್ಟು ಮಿಲಿವಾಟ್, ಒಂದು ಜಾಗಕ್ಕೆ ಎಷ್ಟು ಸೆಕೆಂಡ್, ವಾರಕ್ಕೆ ಎಷ್ಟು ಸಲ. ಒಂದು ವಾಟ್ ಒಂದು ಸೆಕೆಂಡ್ ಬಿಟ್ಟರೆ ಒಂದು ಜೌಲ್. ನನ್ನ ಮೆಷಿನ್ 200 ಮಿಲಿವಾಟ್, ಮೂವತ್ತು ಸೆಕೆಂಡ್, ಅಂದರೆ ಜಾಗಕ್ಕೆ ಆರು ಜೌಲ್. ಲ್ಯಾನ್ಸೆಟ್ ಲೆಕ್ಕದಲ್ಲಿ 820ರಿಂದ 830 ನ್ಯಾನೊಮೀಟರಿಗೆ ಕೆಲಸ ಮಾಡಿದ್ದು ಜಾಗಕ್ಕೆ 0.8ರಿಂದ 9 ಜೌಲ್. 904 ನ್ಯಾನೊಮೀಟರಿಗೆ ಬೇರೆ ಲೆಕ್ಕ. ಕಡಿಮೆ ಕೊಟ್ಟರೆ ಏನೂ ಆಗಲ್ಲ, ಜಾಸ್ತಿ ಕೊಟ್ಟರೂ ಪರಿಣಾಮ ಇಳಿಯುತ್ತದೆ ಅನ್ನುತ್ತಾರೆ ತಿಳಿದವರು. ಉಪ್ಪಿನ ಹಾಗೆ. ಈಗ ಕೆಲವು ಕಡೆ ಮೈ ಬಿಸಿಯಾಗುವ ಜೋರು ಲೇಸರ್ ಬಂದಿದೆ, ಅದನ್ನೂ ಲೇಸರ್ ಅಂತಲೇ ಕರೆಯುತ್ತಾರೆ, ಆದರೆ ಈ 820 ಮಂದಿಯ ಲೆಕ್ಕ ಅದಕ್ಕೆ ಅನ್ವಯಿಸಲ್ಲ. ಪೋಸ್ಟರಿನಲ್ಲಿ ಇದ್ಯಾವುದೂ ಇಲ್ಲ. ಕೌಂಟರಿನವರಿಗೆ ಜೌಲ್ ಎಷ್ಟು ಅಂತ ಕೇಳಿದರೆ "ಫಾರಿನ್ ಮೆಷಿನ್ ಸಾರ್" ಅಂದರು.

ಹುಡುಗಿಗೆ ಗೊತ್ತಿತ್ತು. ಕೇಳಿದ ತಕ್ಷಣ ಹೇಳಿದಳು, ಪುಸ್ತಕದಲ್ಲಿ ಬರೆದದ್ದನ್ನೂ ತೋರಿಸಿದಳು.

ನಾಲ್ಕನೇ ಸಿಟ್ಟಿಂಗ್ ಹೊತ್ತಿಗೆ ಕತ್ತು ಸ್ವಲ್ಪ ಸಡಿಲವಾಗಿತ್ತು. ಐದನೇ ದಿನ ಇನ್ನೂ. ನೋವು ಏಳರಿಂದ ಐದಕ್ಕೆ ಬಂದಿದೆ ಅಂತ ನಾನೇ ಹೇಳಿ ಬರೆಸಿದೆ. ಆರನೇ ಸಲ ಮಾತ್ರ ಅದ್ಭುತ. ಕೋಲು ಇಟ್ಟ ಜಾಗದಲ್ಲಿ ಸಣ್ಣಗೆ ಬೆಚ್ಚಗಾದ ಹಾಗೆ, ಒಳಗೆ ಏನೋ ಕರಗಿ ಇಳಿದ ಹಾಗೆ ಆಯಿತು. ಅವತ್ತು ರಾತ್ರಿ ಬಲಮಗ್ಗುಲಲ್ಲಿ ಮಲಗಿದೆ, ಎಷ್ಟೋ ತಿಂಗಳ ಮೇಲೆ. ಬೆಳಗ್ಗೆ ನಮ್ಮನೆಯವಳಿಗೆ, ಇದೇ ಕಣೇ ವಿಜ್ಞಾನ ಅಂದ್ರೆ, ಅಂತ ಕಾಫಿ ಕುಡಿಯುತ್ತಾ ಒಂದು ಭಾಷಣವೇ ಮಾಡಿದೆ.

ಏಳನೇ ಸಲ ಹೋದಾಗ ಹುಡುಗಿಯ ಮುಖ ಸಪ್ಪಗಿತ್ತು.

"ಸಾರ್, ಒಂದು ವಿಷಯ ಹೇಳ್ಬೇಕು. ಬೈಬಾರ್ದು. ಮೊನ್ನೆ ನಿಮಗೆ ಮಾಡುವಾಗ ಮೆಷಿನ್ ಸ್ಟ್ಯಾಂಡ್‌ಬೈನಲ್ಲೇ ಇತ್ತು. ಕೆಂಪು ಲೈಟ್ ಉರೀತಿತ್ತಲ್ಲ, ನಾನು ನೋಡ್ಲೇ ಇಲ್ಲ. ಟೈಮರ್ ಮೊಬೈಲಲ್ಲಿ ಇಟ್ಟಿದ್ದೆ. ನಿಮ್ಮಾದ್ಮೇಲೆ ಬಂದೋರಿಗೆ ಮಾಡೋವಾಗ ಗೊತ್ತಾಯ್ತು."

ಒಂದು ಕ್ಷಣ ಅರ್ಥವಾಗಲಿಲ್ಲ. "ಅಂದ್ರೆ ಮೊನ್ನೆ ಏನೂ ಬರ್ಲಿಲ್ವಾ?"

"ಇಲ್ಲ ಸಾರ್. ಆ ಸಿಟ್ಟಿಂಗ್ ಲೆಕ್ಕಕ್ಕೆ ಹಿಡ್ಯಲ್ಲ. ನೋವು ಹೇಗಿದೆ?"

ಮೂರು ಅನ್ನಬೇಕಿತ್ತು. ಮನೆಯಿಂದ ಬರುವಾಗ ಮೂರು ಅಂತಲೇ ಇಟ್ಟುಕೊಂಡು ಬಂದಿದ್ದೆ. ಈಗ ಮೂರು ಅಂದರೆ ಮರ್ಯಾದೆ ಹೋಗುತ್ತೆ, ಐದು ಅಂದರೆ ಸುಳ್ಳು. "ನಾಲ್ಕು" ಅಂದೆ. ಅದೂ ಸುಳ್ಳೇ.

ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳದಿದ್ದರೆ ನನಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ, ಎಷ್ಟು ಜನ ಹೇಳುತ್ತಾರೆ ಹೇಳಿ? ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಬೆಚ್ಚಗಾದದ್ದು ಏನು ಅಂತ ಯೋಚಿಸಿದೆ. ನಿಜವಾದ ಕಿರಣ ಬಿದ್ದಾಗ ಏನೂ ಗೊತ್ತಾಗಿರಲಿಲ್ಲ. ಏನೂ ಇಲ್ಲದಾಗ ಬೆಚ್ಚಗಾಯಿತು!

ಚೌ ಅವರ ಸುಳ್ಳು ಮೆಷಿನ್ ಯಾಕೆ ಅಷ್ಟು ಮುಖ್ಯ ಅಂತ ಆಗ ತಲೆಗೆ ಹೋಯಿತು. ಮಾಲೀಸಿಗೆ ಸುಳ್ಳು ಮಾಲೀಸು ಮಾಡೋಕಾಗಲ್ಲ, ಕೈ ತಾಗಿದರೆ ತಾಗಿದ ಹಾಗೇ. ವ್ಯಾಯಾಮಕ್ಕೆ ಸುಳ್ಳು ವ್ಯಾಯಾಮ ಕಷ್ಟ. ಆದರೆ ಕಾಣದ, ಬಿಸಿಯಾಗದ, ಸದ್ದು ಮಾಡದ ಈ ಬೆಳಕಿಗೆ ಸುಳ್ಳು ಬೆಳಕು ತುಂಬ ಸುಲಭ. ರೋಗಿಗೂ ಗೊತ್ತಾಗಲ್ಲ, ಕೊಡುವವರಿಗೂ ಗೊತ್ತಾಗದ ಹಾಗೆ ಮಾಡಬಹುದು. ಆರನೇ ದಿನ ನಾನು ಸುಮ್ಮನೆ ಹೋಗಿ ಸುಳ್ಳು ಗುಂಪಿನಲ್ಲಿ ಕೂತಿದ್ದೆ ಅಷ್ಟೇ. ಹಾಗೆ ಕೂತವರೆಲ್ಲರಿಗಿಂತ ನಿಜ ಗುಂಪಿನವರು ಎರಡು ಸೆಂಟಿಮೀಟರ್ ಮುಂದಿದ್ದರು ಅನ್ನುವುದಕ್ಕೆ ಬೆಲೆ. ನನಗೆ ಕಡಿಮೆ ಆಯಿತು ಅನ್ನುವುದಕ್ಕಲ್ಲ. ಹಳೇ ಕತ್ತು ನೋವು ಬೇರೆ, ತಾನಾಗೇ ಏರಿಳಿಯುವ ಜಾತಿ. ನಾವು ಡಾಕ್ಟರ ಹತ್ತಿರ ಓಡುವುದು ಅದು ತುತ್ತತುದಿಯಲ್ಲಿದ್ದಾಗ. ಅಲ್ಲಿಂದ ಅದು ಇನ್ನೆಲ್ಲಿಗೆ ಹೋಗಬೇಕು, ಕೆಳಗೇ ತಾನೇ? ದಿಂಬು ಬಿಸಿಲಿಗೆ ಬಿದ್ದ ಮಾರನೇ ದಿನ ಕತ್ತು ಸರಿಹೋಗುತ್ತಿದ್ದದ್ದೂ ಹಾಗೇ.

ಅದರ ಮೇಲೆ ಇನ್ನೊಂದು ತೊಡಕು. ಮೂರನೇ ಸಿಟ್ಟಿಂಗ್‌ನಿಂದ ಹುಡುಗಿ ನನಗೊಂದು ಹಳದಿ ರಬ್ಬರ್ ಪಟ್ಟಿ ಕೊಟ್ಟಿದ್ದಳು. ಮಧ್ಯವನ್ನು ಕಾಲಲ್ಲಿ ಒತ್ತಿಕೊಂಡು ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದು, ಹಕ್ಕಿ ರೆಕ್ಕೆ ಎತ್ತಿದ ಹಾಗೆ ತೋಳು ಮೇಲೆತ್ತಬೇಕು. ದಿನಕ್ಕೆ ಎರಡೇ ನಿಮಿಷ. ಎರಡು ನಿಮಿಷದಲ್ಲಿ ಏನಾಗುತ್ತೆ ಅಂತ ನಾನೂ ನಕ್ಕಿದ್ದೆ. ಡೆನ್ಮಾರ್ಕ್‌ನಲ್ಲಿ ಇದನ್ನೇ ಆಫೀಸಿನಲ್ಲಿ ಕೂತು ಕೆಲಸ ಮಾಡುವ 198 ಮಂದಿಯ ಮೇಲೆ ನೋಡಿದ್ದಾರೆ, 2011ರಲ್ಲಿ ಬಂತು. ಹತ್ತು ವಾರ. ದಿನಕ್ಕೆ ಎರಡು ನಿಮಿಷ ಎಳೆದವರ ನೋವು, ಏನೂ ಮಾಡದವರಿಗೆ ಹೋಲಿಸಿದರೆ, ಹತ್ತರ ಅಳತೆಯಲ್ಲಿ 1.4 ಇಳಿದಿತ್ತು. ಹನ್ನೆರಡು ನಿಮಿಷ ಎಳೆದವರದು 1.9. ಲೇಸರ್ 2, ಪಟ್ಟಿ 1.4. ಅಧ್ಯಯನ ಬೇರೆ, ಜನ ಬೇರೆ, ಪಕ್ಕಪಕ್ಕ ಇಟ್ಟು ಹೋಲಿಸುವುದು ತಪ್ಪು ಅಂತ ನನಗೂ ಗೊತ್ತು. ಆದರೂ ನೂರು ಚಿಲ್ಲರೆ ರೂಪಾಯಿಯ ಪಟ್ಟಿ ಆರು ಸಾವಿರದ ಪ್ಯಾಕೇಜಿನ ಪಕ್ಕ ನಿಲ್ಲುತ್ತದಲ್ಲ, ಅದು ಹೊಟ್ಟೆ ಉರಿಸುತ್ತದೆ. ಆ ಪಟ್ಟಿಗೆ ಯಾರೂ ಪೋಸ್ಟರ್ ಹಾಕಲ್ಲ.

ಹಾಗಾದರೆ ನನ್ನ ಕತ್ತನ್ನು ಸರಿಮಾಡಿದ್ದು ಯಾವುದು? ಐದು ದಿನದ ನಿಜವಾದ ಬೆಳಕಾ, ಒಂದು ದಿನದ ಸುಳ್ಳು ಬೆಳಕಾ, ಪಟ್ಟಿಯಾ, ಲ್ಯಾಪ್‌ಟಾಪ್ ಕೆಳಗೆ ಇಟ್ಟ ಎರಡು ದಪ್ಪ ನಿಘಂಟುಗಳಾ, ಅಥವಾ ಸುಮ್ನೆ ದಿನ ಕಳೆದದ್ದಾ? ಮೊದಮೊದಲು ಇದನ್ನು ಬಿಡಿಸಲೇಬೇಕು ಅಂತ ತಲೆ ಕೆಡಿಸಿಕೊಂಡೆ. ಒಂದು ಪುಸ್ತಕದಲ್ಲಿ ತಪ್ಪು ಉಳಿದರೆ ಅದು ಲೇಖಕರದಾ, ಡಿಟಿಪಿಯವರದಾ, ನನ್ನದಾ ಅಂತ ಹುಡುಕಿಯೇ ಹುಡುಕುತ್ತೇನೆ, ಸಿಗುತ್ತದೆ ಕೂಡ. ಹಳೇ ಕರಡು ತೆಗೆದು ನೋಡಿದರಾಯಿತು. ಕತ್ತಿಗೆ ಹಳೇ ಕರಡು ಇಲ್ಲ.

ಯಾರಾದರೂ ಕೇಳಿದರೆ ನಾನು ಈಗ ಹೇಳುವುದು ಇಷ್ಟು: ಮೊದಲು ಡಾಕ್ಟರಿಗೆ ತೋರಿಸಿ, ಪಟ್ಟಿ ಎಳೆಯಿರಿ, ಅದರ ಜತೆಗೆ ಬೇಕಿದ್ದರೆ ಲೇಸರ್ ಮಾಡಿಸಿ, ಆದರೆ ಎಷ್ಟು ನ್ಯಾನೊಮೀಟರ್, ಎಷ್ಟು ಜೌಲ್ ಅಂತ ಕೇಳಿ. ಉತ್ತರ ಕೊಡುವವರ ಹತ್ತಿರ ಮಾಡಿಸಿ. ಪಟ್ಟಿ ಕೊಡದೆ ಬರೀ ಬೆಳಕು ಬಿಡುವವರ ಹತ್ತಿರ ಹೋಗಬೇಡಿ. ಇಷ್ಟು ಹೇಳಿದರೆ ಕೇಳಿದವರಿಗೆ ನಿರಾಸೆ. "ನಿಮಗೆ ವಾಸಿ ಆಯ್ತೋ ಇಲ್ವೋ, ಅದನ್ನ ಹೇಳಿ" ಅನ್ನುತ್ತಾರೆ. ಷಡ್ಡಕರಂತೂ ನನ್ನ ಮಾತಿನಲ್ಲಿ "ವಾಸಿ" ಅನ್ನುವುದೊಂದನ್ನೇ ಹಿಡಿದುಕೊಂಡು ಹೋಗಿ ತಮ್ಮ ಮೊಣಕಾಲಿಗೆ ಅದೇ ಸೆಂಟರಿನಲ್ಲಿ ಪ್ಯಾಕೇಜ್ ಕಟ್ಟಿ ಬಂದಿದ್ದಾರೆ.

ಮೊನ್ನೆ ಭಾನುವಾರ ಬೆಳಗ್ಗೆ ಮತ್ತೆ ಕತ್ತು ಹಿಡಿದುಕೊಂಡಿತ್ತು, ಈ ಸಲ ಎಡಗಡೆ. ಬಾತ್‌ರೂಮಿನಿಂದ ಬರುವಷ್ಟರಲ್ಲಿ ಹಾಸಿಗೆಯ ಮೇಲೆ ದಿಂಬಿಲ್ಲ. ಮಹಡಿಗೆ ಹೋಗಿ ನೋಡಿದರೆ ಹಪ್ಪಳದ ಪಕ್ಕ ಬಿಸಿಲಿಗೆ ಬಿದ್ದಿದೆ. ನಮ್ಮನೆಯವಳಿಗೆ ಈ ಮಾತು ನಮ್ಮಜ್ಜಿ ಹೇಳಿದ್ದಲ್ಲ, ಅವರಮ್ಮ ಹೇಳಿದ್ದಂತೆ. ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಮಗ್ಗುಲಿಗೆ ತಿರುಗಿಸಿ ಹಾಕಿ ಬಂದೆ.

ಪ್ಯಾಕೇಜಿನಲ್ಲಿ ಇನ್ನೂ ಎರಡು ಸಿಟ್ಟಿಂಗ್ ಬಾಕಿ ಇವೆ, ಲೆಕ್ಕಕ್ಕೆ ಹಿಡಿಯದ ಆ ಆರನೇದು ಸೇರಿ. ಗುರುವಾರ ಹೋಗುತ್ತೇನೆ. ಕೂರುವ ಮೊದಲು ಮೆಷಿನ್ ಕಡೆ ಒಂದು ಸಲ ನೋಡಬೇಕಾ ಬೇಡವಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ.